ಅಡವಿಯನ್ನು ಕಾಯುವದೆಂದರೇನು?



ಬಿಸಿಲು ಏರುತ್ತಲೇ ಶಿವಮೊಗ್ಗ ಭದ್ರಾವತಿಗಳ ಸುತ್ತಲಿನ ಅಡವಿಗಳಲ್ಲಿ ತೇಗವೂ ಮತ್ತಿಯೂ ಎಲೆಯುದುರಿಸುತ್ತವೆ. ಹುಲ್ಲು ಒಣಗುತ್ತದೆ, ಹೂಬಿಟ್ಟು ಸತ್ತ ಬಿದಿರುಮೆಳೆಗಳು ಸೌದೆಯ ರಾಶಿಗಳಂತೆ ನಿಲ್ಲುತ್ತವೆ. ಆಗ ಒಂದು ಬೀಡಿಯ ತುಂಡು ಸಾಕು. ಯಾಕೋಬನು ತನ್ನ ಪತ್ರಿಕೆಯಲ್ಲಿ (3:5) ನಾಲಿಗೆಯ ಕೇಡನ್ನು ತಿಳಿಸುವದಕ್ಕೆ ಕಾಡುಗಿಚ್ಚನ್ನೇ ದೃಷ್ಟಾಂತವಾಗಿ ತೆಗೆದುಕೊಂಡನು. ನಾವಾದರೋ ಆ ದೃಷ್ಟಾಂತವನ್ನು ಕಣ್ಣಾರೆ ಕಾಣುವವರಾಗಿದ್ದೇವೆ.

ಹೀಗಿರಲಾಗಿ ಒಂದು ಪ್ರಶ್ನೆ ಹುಟ್ಟುತ್ತದೆ. ಬೆಂಕಿಗೆ ಆಹಾರವಾಗುವ ಪೊದೆಯನ್ನೂ ಒಣಮರವನ್ನೂ ಕಡಿದು ತೆಗೆದರೆ ಕಾಡು ಉಳಿಯುವದೆಂದು ಕೆಲವರು ಹೇಳುತ್ತಾರೆ. ಅದು ಮೃಗಪಕ್ಷಿಗಳ ಮನೆಯಾಗಿರುವದರಿಂದ ಮನುಷ್ಯನು ಕೈಹಾಕದೆ ಬಿಡಬೇಕೆಂದು ಬೇರೆ ಕೆಲವರು ಹೇಳುತ್ತಾರೆ. ಇವುಗಳಲ್ಲಿ ಯಾವದು ನೀತಿಯುಳ್ಳದ್ದು?

ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿಟ್ಟಾಗ ಅವನಿಗೆ ಎರಡು ಕೆಲಸಗಳನ್ನು ಒಪ್ಪಿಸಿದನು (ಆದಿಕಾಂಡ 2:15). ವ್ಯವಸಾಯ ಮಾಡುವದು ಒಂದು, ಕಾಯುವದು ಇನ್ನೊಂದು. ಈ ಎರಡನ್ನು ಅಗಲಿಸಿದಲ್ಲೆಲ್ಲಾ ಕೇಡು ಬಂದಿದೆ.

ಕಾಯದೆ ಕೈಹಾಕಿದ್ದಕ್ಕೆ ಭದ್ರಾವತಿಯೇ ಸಾಕ್ಷಿ. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆಯು ಕೆಲಸ ಆರಂಭಿಸಿದಾಗ ಅದರ ಕುಲುಮೆಗೆ ಸುತ್ತಲಿನ ಅಡವಿಯ ಮರವನ್ನು ಸುಟ್ಟು ಮಾಡಿದ ಇದ್ದಲೇ ಆಧಾರವಾಗಿತ್ತು. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗೆ ಬಿದಿರು ಬೇಕಾಯಿತು. ತರುವಾಯ ಅನೇಕ ಗುಡ್ಡಗಳಲ್ಲಿ ನೀಲಗಿರಿಯನ್ನೂ ಅಕೇಶಿಯವನ್ನೂ ನೆಟ್ಟರು. ಇವುಗಳಿಂದ ಅನೇಕ ಕುಟುಂಬಗಳು ಅನ್ನವುಂಡವೆಂಬದನ್ನು ಮರೆಯಬಾರದು. ಆದರೂ ಮರವನ್ನು ಬರೀ ಸೌದೆಯೆಂದು ಎಣಿಸಿದವರು ಅದರ ಪೊಟರೆಯಲ್ಲಿದ್ದ ಜೀವವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೈಹಾಕದೆ ಕಾದದ್ದಕ್ಕೆ ನಮ್ಮ ರಾಜ್ಯದ ದಕ್ಷಿಣದಲ್ಲಿರುವ ಬಿಳಿಗಿರಿರಂಗನ ಬೆಟ್ಟವು ಸಾಕ್ಷಿ. ಅಲ್ಲಿನ ಸೋಲಿಗರು ಪೂರ್ವದಲ್ಲಿ ಬೇಸಿಗೆ ಬಲಿಯುವದಕ್ಕಿಂತ ಮುಂಚೆ ತರಗು ಬೆಂಕಿ ಎಂಬ ಸಣ್ಣ ಬೆಂಕಿಯನ್ನು ಹಾಕುತ್ತಿದ್ದರು. ಅದು ನೆಲದ ತರಗೆಲೆಯನ್ನು ಸುಟ್ಟು, ದೊಡ್ಡ ಮರಗಳನ್ನು ಮುಟ್ಟದೆ ಆರಿಹೋಗುತ್ತಿತ್ತು. 1972ರ ವನ್ಯಜೀವಿ ಕಾನೂನು ಬಂದು, 1974ರಲ್ಲಿ ಆ ಬೆಟ್ಟವು ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತುಹೋಯಿತು. ಬಳಿಕ ಅಮೆರಿಕ ಖಂಡದಿಂದ ಬಂದ ಲಂಟಾನದ ಪೊದೆಯು ಕಾಡಿನ ನೆಲವನ್ನು ಮುಚ್ಚುತ್ತಾ ಬಂತು. ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರ ಹಿರಿಯರು ಹೇಳುತ್ತಾರೆ. ಅದೇ ಸೀಮೆಯ ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಎದ್ದ ಕಾಡುಗಿಚ್ಚು ಒಣಗಿದ ಲಂಟಾನವನ್ನು ಹಿಡಿದು ಸಾವಿರಾರು ಎಕರೆಗಳನ್ನು ಸುಟ್ಟಿತು. ಓಡಲಾರದ ಜೀವಿಗಳಿಗೆ ಅಂಥ ಬೆಂಕಿಯಲ್ಲಿ ಆಶ್ರಯವೆಲ್ಲಿ? ಆದಕಾರಣ ಸುಮ್ಮನಿದ್ದವನೂ ನಿರ್ದೋಷಿಯೆಂದು ಹೇಳಲಾಗದು.

ಹಾಗಾದರೆ ಕೈಹಾಕುವದಕ್ಕೆ ಅಳತೆ ಯಾವದು? ಮೋಶೆಯ ಧರ್ಮಶಾಸ್ತ್ರದಲ್ಲಿ ಹಕ್ಕಿಯ ಗೂಡಿನ ವಿಷಯವಾಗಿ ಒಂದು ಚಿಕ್ಕ ಆಜ್ಞೆಯುಂಟು (ಧರ್ಮೋಪದೇಶಕಾಂಡ 22:6, 7). ಗೂಡನ್ನು ಕಂಡವನು ಮರಿಗಳನ್ನು ತೆಗೆದುಕೊಳ್ಳಬಹುದು. ತಾಯನ್ನು ಮಾತ್ರ ಬಿಟ್ಟುಬಿಡಬೇಕು. ತೆಗೆದುಕೊಳ್ಳುವದಕ್ಕೆ ಅಪ್ಪಣೆಯುಂಟು, ಅದಕ್ಕೆ ಎಲ್ಲೆಯೂ ಉಂಟು.

ಭದ್ರಾ ಅಭಯಾರಣ್ಯದಲ್ಲಿರುವ ಮಂಗಟ್ಟೆ ಹಕ್ಕಿಯನ್ನು ನೋಡಿರಿ. ಹೆಣ್ಣು ಹಕ್ಕಿಯು ಹಳೆಯ ಮರದ ಪೊಟರೆಯನ್ನು ಸೇರಿ, ಒಂದು ಸೀಳನ್ನು ಮಾತ್ರ ಬಿಟ್ಟು ಬಾಗಿಲನ್ನು ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಗಂಡು ಹಕ್ಕಿಯು ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುತ್ತದೆ. ಇದು ನಡೆಯುವದು ಬೇಸಿಗೆಯಲ್ಲಿ, ಅಂದರೆ ಬೆಂಕಿಯ ಕಾಲದಲ್ಲಿಯೇ. ಪೊಟರೆಯಾದ ಮರವು ಪ್ರಯೋಜನವಿಲ್ಲದ್ದೆಂದು ಆಗ ಕಡಿದರೆ ತಾಯಿಯೂ ಮರಿಯೂ ಒಟ್ಟಿಗೆ ನಾಶವಾಗುವವು. ಆ ಚಿಕ್ಕ ಆಜ್ಞೆಯು ತಡೆದದ್ದು ಇದನ್ನೇ ಅಲ್ಲವೇ? ಕಾಡುಕೋಳಿಯೂ ಪೊದೆಯ ಬುಡದಲ್ಲಿಯೇ ಮೊಟ್ಟೆಯಿಡುತ್ತದೆ.

ಆದದರಿಂದ ಕಾಡನ್ನು ಶುದ್ಧಿಮಾಡುವವನು ಕಾಲವನ್ನೂ ಸ್ಥಳವನ್ನೂ ಅರಿತಿರಬೇಕು. ಬಿಸಿಲು ಬಲಿಯುವ ಮುಂಚೆಯೇ ದಾರಿಗಳ ಬದಿಯಲ್ಲಿಯೂ ಎಲ್ಲೆಗಳಲ್ಲಿಯೂ ಬೆಂಕಿರೇಖೆಗಳನ್ನು ಸವರಬೇಕು. ಕಡಿದಷ್ಟೂ ಚಿಗುರುವ ಲಂಟಾನವನ್ನು ಬೇರುಸಹಿತ ಕೀಳಬೇಕು. ಅದನ್ನೂ ಒಂದೇ ಸಲ ಬೋಳುಮಾಡದೆ ಭಾಗಭಾಗವಾಗಿ ಕಿತ್ತರೆ, ಅಲ್ಲಿ ಅಡಗಿದ ಪ್ರಾಣಿಗೆ ಬೇರೆ ಮರೆ ಉಳಿಯುವದು. ತೆರೆದ ನೆಲದಲ್ಲಿ ಹುಲ್ಲು ಬಂದರೆ ಜಿಂಕೆಗೂ ಕಾಟಿಗೂ ಮೇವಾಗುವದು. ಪೊಟರೆಯ ಮರಗಳನ್ನೂ ಹಳ್ಳದ ದಡದ ಪೊದೆಗಳನ್ನೂ ಬಿಟ್ಟುಬಿಡಬೇಕು. ದರಗನ್ನು ಕೊಟ್ಟಿಗೆಗೆ ತರುವವರು ಸಹ ಸ್ವಲ್ಪವನ್ನು ಮಣ್ಣಿಗೆ ಬಿಡಲಿ. ಮರವು ಉಣ್ಣುವದು ಅದನ್ನೇ.

ಸಹೋದರರೇ, ಕಡೆಗೆ ನಮ್ಮನ್ನು ನಾವೇ ಶೋಧಿಸಿಕೊಳ್ಳೋಣ. ನಮ್ಮ ನಾಡಿನ ಕಾಡುಗಿಚ್ಚುಗಳು ಬಹುಮಟ್ಟಿಗೆ ಮನುಷ್ಯರ ಕೈಯಿಂದಲೇ ಹುಟ್ಟುತ್ತವೆ. ಹೊಸ ಹುಲ್ಲು ಚಿಗುರಲೆಂದು ಒಬ್ಬನು, ಜೇನಿಗಾಗಿ ಒಬ್ಬನು, ಅರಣ್ಯಾಧಿಕಾರಿಗಳ ಮೇಲಿನ ಹಗೆಯಿಂದ ಮತ್ತೊಬ್ಬನು ಬೆಂಕಿಯಿಡುತ್ತಾನೆ. ಆನೆಯು ಗದ್ದೆಯನ್ನು ತುಳಿದಾಗ ಬಡವನಿಗಾಗುವ ದುಃಖವು ಅಲ್ಪವಲ್ಲ. ಪರಿಹಾರ ಕೇಳುವದು ಅವನಿಗೆ ನ್ಯಾಯವೇ, ಕೊಡದೆ ತಡಮಾಡುವದು ಅಧಿಕಾರಿಗಳಿಗೆ ಪಾಪವೇ. ಆದರೆ ಅಧಿಕಾರಿಯ ಮೇಲಿನ ಸಿಟ್ಟಿಗಾಗಿ ಮಂಗಟ್ಟೆಯ ಮರಿಯನ್ನು ಸುಡುವದು ಯಾವ ನ್ಯಾಯ?

ಕಾಡು ನಮ್ಮದಲ್ಲ, ಒಡೆಯನು ಒಪ್ಪಿಸಿದ್ದು. ಕತ್ತಿ ಹಿಡಿಯುವ ಮುಂಚೆ ಕೊಂಬೆಯನ್ನು ಒಮ್ಮೆ ತಲೆಯೆತ್ತಿ ನೋಡುವವನೂ, ಹೊಗೆ ಕಂಡಾಗ ಹಸಿಸೊಪ್ಪು ಹಿಡಿದು ನಂದಿಸಲು ಓಡುವವನೂ ನಂಬಿಗಸ್ತನಾದ ಮನೆವಾರ್ತೆಯವನು. ಅಂಥವರು ನಮ್ಮ ಸಭೆಗಳಲ್ಲಿ ಹೆಚ್ಚಲಿ.