ಹಳೆಯ ಕಾರು ಯಾರ ಮಾತನ್ನು ಆಡುತ್ತದೆ?

ಪೇಟೆಯ ದಟ್ಟಣೆಯ ನಡುವೆ ಹಳೆಯ ಪ್ರೀಮಿಯರ್ ಪದ್ಮಿನಿಯೊಂದು ಹಾದುಹೋದರೆ ಇಂದು ನಾವು ಕತ್ತು ತಿರುಗಿಸಿ ನೋಡುತ್ತೇವೆ. ಅದರ ಮೈಬಣ್ಣ ಫಳಫಳ ಹೊಳೆಯುತ್ತಿದ್ದು, ಕ್ರೋಮ್ ಪಟ್ಟಿಯ ಮೇಲೆ ಬಿಸಿಲು ಮಿಂಚುತ್ತಿದ್ದರೆ 'ಎಂಥಾ ಅಭಿರುಚಿಯ ಮನುಷ್ಯ' ಎನ್ನುತ್ತೇವೆ. ಅದೇ ಪದ್ಮಿನಿಯ ಬಾಗಿಲು ತುಕ್ಕು ಹಿಡಿದು, ಹಿಂದಿನ ಸೀಟಿನಲ್ಲಿ ತರಕಾರಿಯ ಮೂಟೆ ಕಂಡರೆ 'ಪಾಪ, ಹೊಸದು ಕೊಳ್ಳುವ ತಾಕತ್ತಿಲ್ಲ' ಎಂದು ಕನಿಕರಿಸುತ್ತೇವೆ. ಇಲ್ಲವೇ ಹಾರ್ನ್ ಬಾರಿಸಿ ಬದಿಗೆ ಸರಿ ಎನ್ನುತ್ತೇವೆ. ಎರಡೂ ಒಂದೇ ಕಾರ್ಖಾನೆಯಿಂದ ಬಂದವು. ಎರಡರ ವಯಸ್ಸೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ಒಂದರ ಮುದಿತನ ಮಾಲೀಕನಿಗೆ ಗೌರವ ತಂದುಕೊಡುವುದೂ, ಇನ್ನೊಂದರ ಮುದಿತನ ಅವಮಾನ ತರುವುದೂ ಹೇಗೆ? ಮನುಷ್ಯನನ್ನು ಅವನ ವಸ್ತುಗಳಿಂದ ಅಳೆಯುವ ನಮ್ಮ ಚಾಳಿ ಎಷ್ಟರಮಟ್ಟಿಗೆ ಸರಿ?

ಅಂಬಾಸಿಡರ್ ಕಾರಿನ ಚರಿತ್ರೆಯನ್ನೇ ತೆಗೆದುಕೊಳ್ಳೋಣ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, 1950ರ ದಶಕದ ಕೊನೆಯಲ್ಲಿ, ಬಂಗಾಳದ ಉತ್ತರಪಾರಾದಲ್ಲಿ ಅದರ ತಯಾರಿಕೆ ಆರಂಭವಾಯಿತು. 2014ರ ಮೇ ತಿಂಗಳಲ್ಲಿ ಅದು ನಿಂತುಹೋಯಿತು. ಈ ಅರ್ಧ ಶತಮಾನಕ್ಕೂ ಹೆಚ್ಚಿನ ಕಾಲದಲ್ಲಿ ಅದರ ಮೈಕಟ್ಟು ಹೆಚ್ಚೇನೂ ಬದಲಾಗಲಿಲ್ಲ. ಆದರೆ ಅದರ ಅರ್ಥ ಮತ್ತೆ ಮತ್ತೆ ಬದಲಾಯಿತು. ಬಿಳಿಯ ಅಂಬಾಸಿಡರ್ ಮೇಲೆ ಕೆಂಪು ದೀಪ ಉರಿಯುತ್ತಿದ್ದರೆ ಅದು ಅಧಿಕಾರ. ಅದನ್ನು ಕಂಡು ದಾರಿಬಿಡುತ್ತಿದ್ದ ಜನ ಒಳಗೆ ಕುಳಿತವರು ಯಾರೆಂದು ಕೇಳುತ್ತಿರಲಿಲ್ಲ. ಕೊಲ್ಕತ್ತಾದಲ್ಲಿ ಹಳದಿ ಬಣ್ಣ ಬಳಿದುಕೊಂಡ ಅದೇ ಕಾರು ದಿನವಿಡೀ ದುಡಿದು ಚಾಲಕನ ಮನೆಯ ಒಲೆ ಉರಿಸುತ್ತಿತ್ತು. ನಮ್ಮ ಊರುಗಳಲ್ಲಿ ಅದು ಬಾಡಿಗೆ ಕಾರು: ಮದುವೆ ದಿಬ್ಬಣಕ್ಕೂ ಬೇಕು, ಹೆರಿಗೆ ನೋವಿಗೂ ಬೇಕು, ಆಸ್ಪತ್ರೆಯಿಂದ ಹೆಣ ತರುವುದಕ್ಕೂ ಬೇಕು. 2017ರ ಮೇ 1ರಿಂದ ಅಧಿಕಾರಸ್ಥರ ವಾಹನಗಳ ಕೆಂಪು ದೀಪವೂ ಹೋಯಿತು. ಈಗ ಯಾರಾದರೂ ಒಂದು ಅಂಬಾಸಿಡರನ್ನು ದುರಸ್ತಿ ಮಾಡಿಸಿ, ಭಾನುವಾರದ ಬೆಳಿಗ್ಗೆ ರಸ್ತೆಗೆ ಇಳಿಸಿದರೆ ಅದು 'ಪರಂಪರೆ'. ಲೋಹ ಅದೇ, ಚಕ್ರ ನಾಲ್ಕೇ. ಮಾತು ಮಾತ್ರ ಬೇರೆ. ಅಂದಮೇಲೆ ಕಾರು ತಾನಾಗಿ ಏನನ್ನೂ ಹೇಳುವುದಿಲ್ಲ. ಸಮಾಜ ಅದರ ಬಾಯಿಗೆ ತುರುಕಿದ ಮಾತನ್ನು ಅದು ಒಪ್ಪಿಸುತ್ತದೆ, ಅಷ್ಟೆ.

ಹಳೆಯ ಕಾರು ಎಂದೊಡನೆ ಜಗತ್ತಿಗೆ ನೆನಪಾಗುವ ದೇಶ ಕ್ಯೂಬಾ. 1959ರ ಕ್ರಾಂತಿ ಮತ್ತು ಅದರ ಬೆನ್ನಿಗೆ ಬಂದ ಅಮೆರಿಕದ ವ್ಯಾಪಾರ ದಿಗ್ಬಂಧನದಿಂದಾಗಿ ಆ ದ್ವೀಪಕ್ಕೆ ಅಮೆರಿಕದ ಹೊಸ ಕಾರುಗಳೂ ಬಿಡಿಭಾಗಗಳೂ ಬರುವುದು ನಿಂತಿತು. ಕ್ರಾಂತಿಗೆ ಮೊದಲೇ ಇದ್ದ ಕಾರುಗಳನ್ನಷ್ಟೇ ಜನ ತಮ್ಮೊಳಗೆ ಮುಕ್ತವಾಗಿ ಮಾರಿಕೊಳ್ಳಬಹುದಿತ್ತು. ಈ ನಿರ್ಬಂಧ ಸಡಿಲಗೊಂಡದ್ದು 2011ರಲ್ಲಿ. ಹೀಗಾಗಿ ಶೆವ್ರೊಲೆ, ಬ್ಯೂಕ್, ಫೋರ್ಡ್‌ಗಳು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂದವು. ಇಂಜಿನ್ ಕೆಟ್ಟರೆ ರಷ್ಯಾದ ಲಾಡಾ ಕಾರಿನ ಇಂಜಿನ್ ತಂದು ಕೂರಿಸಿದರು. ಸಿಗದ ಭಾಗವನ್ನು ಕೈಯಾರೆ ಕೆತ್ತಿಕೊಂಡರು. ಇಂದು ಪ್ರವಾಸಿಗರು ಹವಾನಾದ ಕಡಲ ದಂಡೆಯಲ್ಲಿ ಗುಲಾಬಿ ಬಣ್ಣದ ಆ ಕಾರುಗಳಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ. ಪ್ರವಾಸಿಗನಿಗೆ ಅದು ಕಳೆದುಹೋದ ಕಾಲದ ಸೊಗಸು. ಚಾಲಕನಿಗೆ ಅದು ಬೇರೆ ದಾರಿಯಿಲ್ಲದೆ ಕಲಿತ ವಿದ್ಯೆ. ಒಂದೇ ಕಾರಿನ ಎರಡು ಸೀಟುಗಳಲ್ಲಿ ಎರಡು ಲೋಕಗಳು ಕುಳಿತಿವೆ.

ಇದಕ್ಕೆ ತದ್ವಿರುದ್ಧದ ಚಿತ್ರವೂ ಉಂಟು. 2018ರಲ್ಲಿ 1962ರ ಫೆರಾರಿ 250 ಜಿಟಿಒ ಕಾರೊಂದು ಹರಾಜಿನಲ್ಲಿ 4 ಕೋಟಿ 80 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. 2022ರಲ್ಲಿ 1955ರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರೊಂದು 13 ಕೋಟಿ 50 ಲಕ್ಷ ಯೂರೊಗೆ ಹೋಯಿತು. ಇಲ್ಲಿ ಹಳತು ಎನ್ನುವುದು ಬಡತನದ ಗುರುತಲ್ಲ, ಹಣದ ತುತ್ತತುದಿ. ಅಮೆರಿಕದ ಚಿಂತಕ ಥಾರ್ಸ್ಟೈನ್ ವೆಬ್ಲನ್ 1899ರಲ್ಲೇ ಈ ಮನೋಧರ್ಮವನ್ನು ಗುರುತಿಸಿದ್ದ. ಯಂತ್ರದಲ್ಲಿ ತಯಾರಾದ ಅಲ್ಯುಮಿನಿಯಂ ಚಮಚವೂ ಕೈಯಲ್ಲಿ ಮಾಡಿದ ಬೆಳ್ಳಿಯ ಚಮಚವೂ ಊಟಕ್ಕೆ ಒಂದೇ. ಆದರೂ ನಾವು ಬೆಳ್ಳಿಯದನ್ನು ಸುಂದರ ಎನ್ನುತ್ತೇವೆ. ನಾವು ಸೌಂದರ್ಯ ಎಂದು ಕರೆಯುವುದರಲ್ಲಿ ಬೆಲೆಯ ಮೇಲಿನ ಭಕ್ತಿಯೂ ಬೆರೆತಿರುತ್ತದೆ ಎಂಬುದು ಅವನ ವಾದ. ಎಲ್ಲರ ಮನೆಯ ಮುಂದೆಯೂ ಹೊಸ ಕಾರು ನಿಂತಿರುವ ಬೀದಿಯಲ್ಲಿ ಹೊಸ ಕಾರಿಗೆ ವಿಶೇಷ ಬೆಲೆಯಿಲ್ಲ. ಸಾಲದ ಕಂತಿನಲ್ಲಿ ಅದು ಯಾರಿಗಾದರೂ ಸಿಗುತ್ತದೆ. ಆಗ ಶ್ರೀಮಂತಿಕೆ ಹಿಂದಕ್ಕೆ ತಿರುಗಿ, ಬಿಡಿಭಾಗ ಸಿಗದ, ಸುಲಭವಾಗಿ ಓಡದ, ಕೈತುಂಬ ಖರ್ಚು ಬೇಡುವ ಹಳೆಯ ಕಾರಿನಲ್ಲಿ ತನ್ನ ಗುರುತನ್ನು ಹುಡುಕುತ್ತದೆ. ಕೊಳ್ಳುಬಾಕ ಸಂಸ್ಕೃತಿಗೆ ಹೊಸತೇ ಬೇಕೆಂದೇನೂ ಇಲ್ಲ. ಹಳತನ್ನೂ ಅದು ಅಷ್ಟೇ ಹಸಿವಿನಿಂದ ನುಂಗಬಲ್ಲದು.

ಹಾಗಾದರೆ ಹಳೆಯ ಕಾರನ್ನು ಓಡಿಸುವವರೆಲ್ಲ ಒಂದೋ ಬಡವರು, ಇಲ್ಲವೇ ಆಡಂಬರದವರು ಎನ್ನೋಣವೇ? ಅದೂ ಅನ್ಯಾಯದ ಮಾತಾದೀತು. ಉರುಗ್ವೆಯ ಅಧ್ಯಕ್ಷರಾಗಿದ್ದ ಹೋಸೆ ಮುಹಿಕಾ 2010ರಲ್ಲಿ ಘೋಷಿಸಿದ ಆಸ್ತಿ ಸುಮಾರು 1,800 ಡಾಲರ್. ಅದು ಅವರ 1987ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಬೆಲೆ. ಅರಮನೆಯಂತಹ ಅಧಿಕೃತ ನಿವಾಸವನ್ನು ಬಿಟ್ಟು ತಮ್ಮ ಚಿಕ್ಕ ತೋಟದ ಮನೆಯಲ್ಲೇ ಉಳಿದ ಅವರು ಸಂಬಳದ ಬಹುಪಾಲನ್ನು ದಾನಕ್ಕೆ ಕೊಡುತ್ತಿದ್ದರು. ಆ ಕಾರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಒಬ್ಬರು ಮುಂದೆ ಬಂದ ಸುದ್ದಿ 2014ರಲ್ಲಿ ಜಗತ್ತಿಗೆಲ್ಲ ತಿಳಿಯಿತು. ಅವರು ಮಾರಲಿಲ್ಲ. 2025ರ ಮೇ ತಿಂಗಳಲ್ಲಿ ಮುಹಿಕಾ ತೀರಿಕೊಂಡಾಗ ಪತ್ರಿಕೆಗಳು ಅವರ ಆಡಳಿತದ ಜೊತೆಗೆ ಆ ನೀಲಿ ಬೀಟಲನ್ನೂ ನೆನೆದವು.

ನಮ್ಮಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರ ಫಿಯೆಟ್ ಇದೆ. 1964ರಲ್ಲಿ ಪ್ರಧಾನಿಯಾಗಿದ್ದಾಗ ಅವರು ಅದನ್ನು 12,000 ರೂಪಾಯಿಗೆ ಕೊಂಡರು. ಕೈಯಲ್ಲಿದ್ದದ್ದು 7,000, ಉಳಿದ 5,000ವನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ತೆಗೆದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಇನ್ನೂ ತೀರಿರಲಿಲ್ಲ. ಪತ್ನಿ ಲಲಿತಾ ಶಾಸ್ತ್ರಿಯವರು ತಮಗೆ ಬಂದ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಕಾರು ಇಂದು ದೆಹಲಿಯ ಅವರ ಸ್ಮಾರಕದಲ್ಲಿದೆ. ಒಂದು ಸಂಗತಿಯನ್ನು ನಾವಿಲ್ಲಿ ಗಮನಿಸಬೇಕು. ಶಾಸ್ತ್ರಿಯವರು ಕೊಂಡಾಗ ಅದು ಹಳೆಯ ಕಾರಾಗಿರಲಿಲ್ಲ, ಹೊಸ ಕಾರೇ ಆಗಿತ್ತು. ಅದಕ್ಕೆ ಇಂದಿರುವ ಗೌರವ ಅದರ ವಯಸ್ಸಿನಿಂದ ಬಂದುದಲ್ಲ. ದೇಶದ ಖಜಾನೆ ಕೈಯಳತೆಯಲ್ಲಿದ್ದ ಮನುಷ್ಯ ಬ್ಯಾಂಕಿನ ಮುಂದೆ ಸಾಲಗಾರನಾಗಿ ನಿಂತ ರೀತಿಯಿಂದ ಬಂದದ್ದು.

ಈ ಎರಡು ಉದಾಹರಣೆಗಳು ನಮಗೊಂದು ಅಳತೆಗೋಲನ್ನು ಕೊಡುತ್ತವೆ. ಒಬ್ಬ ಯಾವ ಕಾರನ್ನು ಓಡಿಸುತ್ತಾನೆ ಎಂದು ಕೇಳಿದರೆ ಸಾಲದು. ಯಾವ ಕಾರನ್ನು ಓಡಿಸಬಹುದಿತ್ತು ಎಂದೂ ಕೇಳಬೇಕು. ಆಯ್ಕೆ ಇಲ್ಲದವನ ಹಳೆಯ ಕಾರು ಅವನ ಗುಣದ ಬಗ್ಗೆ ಏನನ್ನೂ ಹೇಳುವುದಿಲ್ಲ, ಅವನ ಪರಿಸ್ಥಿತಿಯ ಬಗ್ಗೆ ಮಾತ್ರ ಹೇಳುತ್ತದೆ. ಆದ್ದರಿಂದ ಅದನ್ನು ನೋಡಿ ಅವನನ್ನು ಹೊಗಳುವುದೂ ತಪ್ಪು, ಹೀಗಳೆಯುವುದೂ ತಪ್ಪು. ಬಡವನ ಮಿತವ್ಯಯವನ್ನು ಸರಳತೆಯೆಂದು ಕೊಂಡಾಡುವ ನಾವು, ಅವನಿಗೆ ಬೇರೆ ದಾರಿ ಇತ್ತೇ ಎಂದು ಕೇಳುವುದನ್ನು ಮರೆಯುತ್ತೇವೆ. ಆಯ್ಕೆ ಇರುವವನ ಹಳೆಯ ಕಾರಾದರೂ ಅರ್ಧ ಮಾತನ್ನಷ್ಟೇ ಹೇಳುತ್ತದೆ. ಸರಳತೆಯನ್ನೂ ಪ್ರದರ್ಶನಕ್ಕೆ ಇಡಬಹುದು. ಮುಹಿಕಾ ಅವರ ಬೀಟಲಿಗೆ ಬೆಲೆ ಬಂದದ್ದು ಅವರ ಉಳಿದ ಬದುಕೂ ಅದೇ ಮಾತನ್ನು ಹೇಳುತ್ತಿದ್ದುದರಿಂದ. ನಾಲ್ಕು ಐಷಾರಾಮಿ ಕಾರುಗಳ ಪಕ್ಕದಲ್ಲಿ ಐದನೆಯದಾಗಿ ನಿಂತ ಬೀಟಲ್ ಬೇರೆಯೇ ಕಥೆ ಹೇಳುತ್ತದೆ.

ಇನ್ನೊಂದು ಪ್ರಶ್ನೆಯೂ ಇದೆ. ಹಳೆಯ ಕಾರು ನಿಜವಾಗಿ ಯಾರದು? ಥೀಸಿಯಸನ ಹಡಗಿನ ಬಗ್ಗೆ ಗ್ರೀಕ್ ತತ್ವಜ್ಞಾನಿಗಳು ಜಗಳವಾಡಿದ್ದನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ: ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಿಸುತ್ತ ಬಂದರೆ ಕೊನೆಗೆ ಉಳಿಯುವುದು ಅದೇ ಹಡಗೇ, ಬೇರೆ ಹಡಗೇ? ಹಳೆಯ ಕಾರಿನ ಕಾರ್ಬೊರೇಟರ್, ಕ್ಲಚ್, ವೈರಿಂಗ್, ಕೊನೆಗೆ ತಳದ ತಗಡು ಕೂಡ ಬದಲಾಗುತ್ತದೆ. ಹಾಗಿದ್ದೂ ಅದು 'ಅದೇ ಕಾರು' ಆಗಿ ಉಳಿಯುವುದು ಅದನ್ನು ಬಲ್ಲ ಕೈಗಳಿಂದ. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಕಬ್ಬಿಣದ ರಾಶಿಯೊಳಗಿಂದ ಬೇಕಾದ ಭಾಗವನ್ನು ನೋಟದಲ್ಲೇ ಹೆಕ್ಕಿಕೊಡುವವರು, ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮೆಕಾನಿಕ್, ಸುತ್ತಿಗೆಯಿಂದ ಬಡಿದು ತಗಡಿನ ನುಗ್ಗನ್ನು ಎಬ್ಬಿಸುವ ಟಿಂಕರ್, ಸೀಟು ಹೊಲಿಯುವವನು. ಇವರಲ್ಲಿ ಬಹಳಷ್ಟು ಮಂದಿ ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತಿದವರಲ್ಲ. ಹುಡುಗರಾಗಿದ್ದಾಗಲೇ ಗ್ಯಾರೇಜು ಸೇರಿ ಪೆಟ್ಟು ತಿಂದು ಕಲಿತವರು. ರ‍್ಯಾಲಿಯಲ್ಲಿ ಬಹುಮಾನ ಮಾಲೀಕನಿಗೆ ಸಿಗುತ್ತದೆ. ವೇದಿಕೆಯ ಮೇಲೆ ಮೆಕಾನಿಕ್ ಕಾಣಿಸುವುದು ಅಪರೂಪ. ಕಾರು ಮಾಲೀಕನ ಬಗ್ಗೆ ಏನಾದರೂ ಹೇಳುವುದಿದ್ದರೆ ಮೊದಲು ಇದನ್ನು ಹೇಳಬೇಕು: ಆ ಕೈಗಳಿಗೆ ಅವನು ಎಷ್ಟು ಕೊಟ್ಟ, ಹೇಗೆ ಮಾತನಾಡಿಸಿದ, ಹೊಗಳಿಕೆ ಬಂದಾಗ ಅವರ ಹೆಸರು ಹೇಳಿದನೇ?

ಕಾನೂನು ಕೂಡ ಹಳತನ್ನು ಎರಡು ಕಣ್ಣುಗಳಿಂದ ನೋಡುತ್ತದೆ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಖಾಸಗಿ ವಾಹನವನ್ನು 20,000 ರೂಪಾಯಿ ಕಟ್ಟಿ 'ವಿಂಟೇಜ್' ಎಂದು ನೋಂದಾಯಿಸಬಹುದು. ಅದಕ್ಕೆ ಪ್ರತ್ಯೇಕ ನಂಬರ್ ಪ್ಲೇಟು ಸಿಗುತ್ತದೆ. 15 ವರ್ಷ ದಾಟಿದ ಸಾಮಾನ್ಯ ಕಾರಿನ ನೋಂದಣಿ ನವೀಕರಣ ಶುಲ್ಕವನ್ನಾದರೋ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿಸಲಾಯಿತು. ದೆಹಲಿಯಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ನಿಷೇಧ ಬಂತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮುಂಬೈಯಲ್ಲಿ 20 ವರ್ಷದ ಮಿತಿ ಮುಟ್ಟಿದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಐವತ್ತು ದಾಟಿದ್ದು ಪರಂಪರೆ, ಹದಿನೈದು ದಾಟಿದ್ದು ಕಸ ಎಂಬ ಈ ಲೆಕ್ಕ ಮೇಲ್ನೋಟಕ್ಕೆ ಬಡವರ ಮೇಲಿನ ಬರೆಯಂತೆ ಕಾಣುತ್ತದೆ.

ಆದರೆ ನಾವು ದುಡುಕಬಾರದು. ಈ ಭೇದಕ್ಕೆ ಒಂದು ನ್ಯಾಯವೂ ಇದೆ. ವಿಂಟೇಜ್ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕೆಲವು ಕಾರಣಗಳಿಗಷ್ಟೇ ಅದು ರಸ್ತೆಗೆ ಬರಬಹುದು. ಟ್ಯಾಕ್ಸಿ ಬೆಳಗಿನಿಂದ ರಾತ್ರಿಯವರೆಗೆ ಊರ ನಡುವೆಯೇ ಹೊಗೆ ಬಿಡುತ್ತದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಸಿಗ್ನಲಿನಲ್ಲಿ ಹೂ ಮಾರುವ ಮಕ್ಕಳು, ಫುಟ್‌ಪಾತಿನ ವ್ಯಾಪಾರಿಗಳು, ಸ್ವತಃ ಚಾಲಕರು. ಬಡವನ ಕಾರಿನ ಪರವಾಗಿ ವಾದಿಸುವಾಗ ಬಡವನ ಶ್ವಾಸಕೋಶವನ್ನು ಮರೆಯುವಂತಿಲ್ಲ. ಹಾಗೆಯೇ ಏರ್‌ಬ್ಯಾಗ್ ಇಲ್ಲದ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುವವನು, ತನ್ನ ನೆನಪುಗಳ ಮೇಲಿನ ಪ್ರೀತಿಗೆ ಇನ್ನೊಬ್ಬರ ಜೀವವನ್ನು ಒತ್ತೆಯಿಡುತ್ತಿಲ್ಲವೇ ಎಂದೂ ಕೇಳಿಕೊಳ್ಳಬೇಕು.

ತಪ್ಪಿರುವುದು ವಯಸ್ಸನ್ನೇ ಅಪರಾಧವೆಂದು ಎಣಿಸುವುದರಲ್ಲಿ. ವಾರಕ್ಕೊಮ್ಮೆ ಸಂತೆಗೆ ಹೋಗಿಬರುವ ನಿವೃತ್ತ ಮೇಷ್ಟ್ರ ಕಾರು, ದಿನಕ್ಕೆ ನೂರಾರು ಕಿಲೋಮೀಟರ್ ಓಡುವ ಹೊಸ ಕಾರಿಗಿಂತ ಕಡಿಮೆ ಹಾನಿ ಮಾಡುತ್ತಿರಬಹುದು. ಹೊಸ ಕಾರನ್ನು ತಯಾರಿಸಲೂ ಅದಿರು ಅಗೆಯಬೇಕು, ಉಕ್ಕು ಕರಗಿಸಬೇಕು, ಕಲ್ಲಿದ್ದಲು ಸುಡಬೇಕು. ಆ ಹೊಗೆ ನಮ್ಮ ಬೀದಿಯಲ್ಲಿ ಕಾಣಿಸದೆ ಗಣಿಯ ಊರಿನಲ್ಲೂ ಕಾರ್ಖಾನೆಯ ಊರಿನಲ್ಲೂ ಕಾಣಿಸುತ್ತದೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ವಯೋಮಿತಿಯ ಹೆಸರಿನಲ್ಲಿ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅನಂತರದ ಮಾನದಂಡದ ವಾಹನಗಳಿಗೆ ಸೀಮಿತಗೊಳಿಸಿತು. ಹುಟ್ಟಿದ ದಿನಾಂಕಕ್ಕಿಂತ ಹೊಗೆಯ ಮಾನದಂಡವನ್ನು ನೋಡುವ ಈ ದಾರಿ ಹೆಚ್ಚು ನ್ಯಾಯದ್ದು. ಮಾಲೀಕನನ್ನು ಅಳೆಯುವಾಗಲೂ ನಾವು ಇದೇ ದಾರಿ ಹಿಡಿಯಬೇಕು. ಅವನ ಕಾರಿನ ಇಸವಿ ನಮಗೇಕೆ? ಅದರಿಂದ ಯಾರಿಗೆ ಏನಾಗುತ್ತಿದೆ ಎಂಬುದು ಮುಖ್ಯ.

ಇಷ್ಟೆಲ್ಲ ಹೇಳಿದ ಮೇಲೂ ಹಳೆಯ ಕಾರಿನಿಂದ ಕಲಿಯಬೇಕಾದ ಒಂದು ಗುಣ ಉಳಿಯುತ್ತದೆ. ಚಳಿಯ ಬೆಳಿಗ್ಗೆ ಚೋಕ್ ಎಳೆದು ಕಾಯಬೇಕು. ಏರಿನಲ್ಲಿ ಬಿಸಿಯಾದರೆ ನಿಲ್ಲಿಸಿ ನೀರು ಕುಡಿಸಬೇಕು. ಮಳೆಗಾಲಕ್ಕೆ ಮೊದಲೇ ತುಕ್ಕನ್ನು ಕೆರೆದು ಬಣ್ಣ ಹಚ್ಚಬೇಕು. ಅದು ಏನನ್ನು ಮಾಡಬಲ್ಲದು, ಏನನ್ನು ಮಾಡಲಾರದು ಎಂಬುದನ್ನು ಓಡಿಸುವವನು ತಿಳಿದಿರಬೇಕು. ಕೆಟ್ಟದ್ದನ್ನು ಎಸೆದು ಹೊಸದು ತರುವ ಅಭ್ಯಾಸ ವಸ್ತುಗಳಲ್ಲಿ ಶುರುವಾಗಿ ಮನುಷ್ಯ ಸಂಬಂಧಗಳಿಗೂ ಹಬ್ಬುತ್ತಿರುವ ಕಾಲದಲ್ಲಿ ಈ ತಾಳ್ಮೆ ಸಣ್ಣ ಸಂಗತಿಯಲ್ಲ. ಆದರೆ ಆ ತಾಳ್ಮೆ ತಗಡಿಗಷ್ಟೇ ಮೀಸಲಾಗಿದ್ದರೆ ಅದಕ್ಕೇನು ಬೆಲೆ? ಅರವತ್ತು ವರ್ಷದ ಕಾರಿನ ಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವ ಕೈ, ಅರವತ್ತು ವರ್ಷದ ಚಾಲಕನನ್ನು ಒಂದೇ ಮಾತಿಗೆ ಕೆಲಸದಿಂದ ಕಿತ್ತುಹಾಕಿದರೆ ಆ ಕಾರು ಅವನ ಪರವಾಗಿ ಸಾಕ್ಷಿ ಹೇಳಲಾರದು. ಮನೆಯ ಶೆಡ್ಡಿನಲ್ಲಿರುವ ಹಳತಿಗೆ ಸಿಗುವ ಆರೈಕೆ ಮನೆಯ ಪಡಸಾಲೆಯಲ್ಲಿ ಕುಳಿತಿರುವ ವೃದ್ಧರಿಗೂ ಸಿಗುತ್ತಿದೆಯೇ ಎಂದು ನೋಡಿದರೆ ಸಾಕು, ಮಾಲೀಕ ಎಂಥವನೆಂದು ತಿಳಿಯಲು ಕಾರನ್ನು ನೋಡಬೇಕಾಗಿಯೇ ಇಲ್ಲ.