ಪದಕದ ಹಿಂದೊಂದು ಮನೆ

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಹಡಗಿನ ಫಿರಂಗಿಯೊಂದಿದೆ. ಮೊದಲ ಮಹಾಯುದ್ಧದ ನಡುವೆ, 1916ರ ಮೇ 31ರಂದು, ಜಟ್‌ಲ್ಯಾಂಡ್ ಕದನದಲ್ಲಿ, ಅದು ‘ಎಚ್‌ಎಂಎಸ್ ಚೆಸ್ಟರ್’ ಹಡಗಿನ ಮೇಲಿತ್ತು. ಅದರ ಪಕ್ಕದಲ್ಲಿ ನಿಂತಿದ್ದವನು ಜ್ಯಾಕ್ ಕಾರ್ನ್‌ವೆಲ್, ಹದಿನಾರರ ಹುಡುಗ. ಮೇಲಿನಿಂದ ಬರುವ ಆಜ್ಞೆ ಕೇಳಿ ಫಿರಂಗಿಯ ಗುರಿ ಹೊಂದಿಸುವುದು ಅವನ ಕೆಲಸ. ಶತ್ರುವಿನ ಗುಂಡುಗಳಿಗೆ ಜೊತೆಗಾರರು ಸುತ್ತಲೂ ಉರುಳಿದರು. ಮೈಗೆ ಉಕ್ಕಿನ ಚೂರುಗಳು ಹೊಕ್ಕಿದ್ದರೂ ಹುಡುಗ ಜಾಗ ಬಿಡಲಿಲ್ಲ, ಮುಂದಿನ ಆಜ್ಞೆಗೆ ಕಾಯುತ್ತ ನಿಂತ. ಎರಡು ದಿನಗಳ ಮೇಲೆ ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ ತೀರಿಕೊಂಡ.

ಬ್ರಿಟನ್ ದೇಶವೇ ಅವನನ್ನು ಕೊಂಡಾಡಿತು. ಶಾಲೆಯ ಮಕ್ಕಳು ಅವನ ಹೆಸರಿನ ನಿಧಿಗೆ ಪುಡಿಗಾಸು ಕೂಡಿಸಿದರು. ಕಲಾವಿದ ಫ್ರ್ಯಾಂಕ್ ಸಾಲಿಸ್‌ಬರಿ ಆ ದೃಶ್ಯವನ್ನು ಚಿತ್ರಿಸಿದಾಗ, ಜ್ಯಾಕ್‌ನ ಬದಲು ಅವನ ಒಡಹುಟ್ಟಿದ ಅರ್ನೆಸ್ಟ್ ರೂಪದರ್ಶಿಯಾಗಿ ನಿಂತ. ಹೋದವನ ಮುಖವನ್ನು ಲೋಕಕ್ಕೆ ತೋರಿಸಲು ಮನೆಯವರೇ ಮುಖ ಕೊಡಬೇಕಾಯಿತು.

ಯುದ್ಧ ನಡೆಯುತ್ತಿದ್ದಾಗಲೇ, 1917ರಲ್ಲಿ, ಆ ಫಿರಂಗಿ ಈಗಿರುವ ಇಂಪೀರಿಯಲ್ ವಾರ್ ಮ್ಯೂಸಿಯಂ ಸ್ಥಾಪನೆಯಾಯಿತು. ಮಡಿದವರ ಭಾವಚಿತ್ರ ಕಳಿಸಿಕೊಡಿ ಎಂದು ಅದು ಮನೆಮನೆಗಳನ್ನು ಕೇಳಿತು. ಸಾವಿರಾರು ಚಿತ್ರಗಳು ಬಂದವು. ಸಮವಸ್ತ್ರ ತೊಟ್ಟು, ಸ್ಟುಡಿಯೋದಲ್ಲಿ ಬಿಗಿಯಾಗಿ ನಿಂತ ಹುಡುಗರ ಚಿತ್ರಗಳು. ಇಂದು ನಾವು ಚರಿತ್ರೆ ಎಂದು ನೋಡುವ ಆ ಸಂಗ್ರಹ, ತಾಯಂದಿರೂ ಹೆಂಡಂದಿರೂ ಮನೆಯಿಂದ ತೆಗೆದುಕೊಟ್ಟದ್ದು.

ಕೊಟ್ಟವರಿಗೆ ಸಿಕ್ಕಿದ್ದೇನು? ಜ್ಯಾಕ್‌ನ ತಂದೆ 1916ರ ಅಕ್ಟೋಬರ್‌ನಲ್ಲಿ ಸೇನಾ ಸೇವೆಯಲ್ಲಿದ್ದಾಗಲೇ ತೀರಿಕೊಂಡರು. ನವೆಂಬರ್‌ನಲ್ಲಿ ತಾಯಿ ಲಿಲಿ ಅರಮನೆಗೆ ಹೋಗಿ, ದೊರೆ ಐದನೇ ಜಾರ್ಜರ ಕೈಯಿಂದ ಮಗನಿಗೆ ಸಂದ ವಿಕ್ಟೋರಿಯಾ ಕ್ರಾಸ್ ಎಂಬ ಶೌರ್ಯಪದಕ ಪಡೆದರು. ಮೂರು ವರ್ಷ ಕಳೆಯುವುದರೊಳಗೆ ಆ ತಾಯಿ ಬಡತನದಲ್ಲೇ ಕಣ್ಮುಚ್ಚಿದರು. ಮಗನ ಪದಕಕ್ಕೆ ಗಾಜಿನ ಪೆಟ್ಟಿಗೆಯ ರಕ್ಷಣೆ ದೊರೆಯಿತು. ಹೆತ್ತವಳಿಗೆ ನೆಮ್ಮದಿಯ ಒಂದು ಸೂರು ದೊರೆಯಲಿಲ್ಲ.

ಹುತಾತ್ಮರನ್ನು ನೆನೆಯುವುದು ದೊಡ್ಡ ಗುಣ. ಆದರೆ ಸತ್ತವರಿಗೆ ಸಲ್ಲುವ ಗೌರವ ಬದುಕಿರುವವರ ಹೊಸ್ತಿಲವರೆಗೂ ತಲುಪಬೇಕು. ನಮ್ಮೂರಿನ ಯೋಧನ ಪ್ರತಿಮೆಗೆ ಮಾಲೆ ಹಾಕುವ ದಿನ ಅವನ ಮನೆಗೂ ಹೋಗೋಣ. ಪಿಂಚಣಿ ಸರಿಯಾಗಿ ಬರುತ್ತಿದೆಯೇ, ಮಕ್ಕಳ ಓದು ನಡೆದಿದೆಯೇ, ತಾಯಿಗೆ ಔಷಧಿ ಸಿಗುತ್ತಿದೆಯೇ ಎಂದು ಕೇಳೋಣ. ಸಿಗದಿದ್ದರೆ ಕಚೇರಿಗೆ ಅವರ ಜೊತೆ ನಾವೂ ನಡೆಯೋಣ.