ಅಂಶಸಾಮ್ಯ ಮತ್ತು ವಂಶವೃಕ್ಷಗಳ ಪ್ರಾಮಾಣ್ಯವಿಚಾರ

ವಂಶಶೋಧನೆಯೆಂದರೆ ವ್ಯಕ್ತಿವಿಶೇಷಗಳ ನಡುವಣ ಜನ್ಯಜನಕಸಂಬಂಧವನ್ನು ಪ್ರಮಾಣಪೂರ್ವಕವಾಗಿ ನಿಶ್ಚಯಿಸುವ ವ್ಯಾಪಾರ. 'ವ್ಯಕ್ತಿವಿಶೇಷ' ಎಂಬ ಪದವನ್ನು ಬಿಟ್ಟರೆ ಜನಸಮುದಾಯಗಳ ಮೂಲವನ್ನು ಅರಸುವ ಮಾನವಶಾಸ್ತ್ರದಲ್ಲಿ ಲಕ್ಷಣಕ್ಕೆ ಅತಿವ್ಯಾಪ್ತಿ. 'ಪ್ರಮಾಣಪೂರ್ವಕ' ಎಂಬುದನ್ನು ಬಿಟ್ಟರೆ ಚಂದ್ರನಿಂದಲೋ ಸೂರ್ಯನಿಂದಲೋ ಆರಂಭವಾಗುವ ಶಾಸನಪ್ರಶಸ್ತಿಗಳ ರಾಜಾವಳಿಯಲ್ಲಿ ಅತಿವ್ಯಾಪ್ತಿ. ಈ ವ್ಯಾಪಾರಕ್ಕೆ ಲೇಖ್ಯ ಮತ್ತು ಸಾಕ್ಷಿ ಎಂಬ ಎರಡು ಸಾಧನಗಳು ಪೂರ್ವಸಿದ್ಧವಾಗಿದ್ದವು. ಡಿಎನ್‌ಎ ಹೊಂದಿಕೆ, ಅಂತರ್ಜಾಲದ ವಂಶವೃಕ್ಷ ಎಂಬ ಬೇರೆರಡು ಈಗ ಸೇರಿವೆ. ಇವುಗಳ ಪ್ರಾಮಾಣ್ಯ ಎಲ್ಲಿಯವರೆಗೆ, ಒಂದು ಮತ್ತೊಂದಕ್ಕೆ ಸಾಧಕವಾಗಬಲ್ಲದೆ ಎಂಬುದು ಇಲ್ಲಿ ವಿಚಾರಣೀಯ.

ಒಬ್ಬನೇ ಪೂರ್ವಜನಿಂದ ಇಳಿದುಬಂದ, ನಿಯತ ಪರಿಮಾಣವನ್ನು ಮೀರಿದ ವರ್ಣತಂತುಖಂಡ ಇಬ್ಬರಲ್ಲಿಯೂ ಅವಿಚ್ಛಿನ್ನವಾಗಿರುವುದೇ ಹೊಂದಿಕೆ. 'ಪರಿಮಾಣವನ್ನು ಮೀರಿದ' ಎಂಬುದು ಯಾದೃಚ್ಛಿಕ ಸಾಮ್ಯದ ವ್ಯಾವೃತ್ತಿಗಾಗಿ. ಯಂತ್ರವು ತಂದೆಯಿಂದ ಬಂದ ಅಕ್ಷರವನ್ನೂ ತಾಯಿಯಿಂದ ಬಂದ ಅಕ್ಷರವನ್ನೂ ಬೇರ್ಪಡಿಸದೆ ಜೋಡಿಯಾಗಿ ಓದುತ್ತದೆ. ಆದ್ದರಿಂದ ಇಲ್ಲೊಂದು ಅಲ್ಲೊಂದು ಅಕ್ಷರ ಕೂಡಿಕೊಂಡು, ಇಲ್ಲದ ಖಂಡವೊಂದು ಇರುವಂತೆ ತೋರುವುದುಂಟು. ಏಳು ಸೆಂಟಿಮಾರ್ಗನ್‌ಗಿಂತ ಕಿರಿದಾದ ಖಂಡಗಳಲ್ಲಿ ಈ ಆಭಾಸ ಬಹುಳ. ಆನ್ಸೆಸ್ಟ್ರಿ ಸಂಸ್ಥೆ 2020ರಲ್ಲಿ ತನ್ನ ಕನಿಷ್ಠಮಿತಿಯನ್ನು 6ರಿಂದ 8 ಸೆಂಟಿಮಾರ್ಗನ್‌ಗೆ ಏರಿಸಿದ್ದು ಇಂಥ ಆಭಾಸವನ್ನು ಕಡಿಮೆ ಮಾಡಲೆಂದೇ. ಸೆಂಟಿಮಾರ್ಗನ್ ಉದ್ದದ ಅಳತೆಯಲ್ಲ, ವಿಚ್ಛೇದಸಂಭಾವ್ಯತೆಯ ಅಳತೆ: ಒಂದು ತಲೆಮಾರು ದಾಟುವಾಗ ಎರಡು ಬಿಂದುಗಳ ನಡುವೆ ಪುನಸ್ಸಂಯೋಜನೆಯಾಗುವ ಸಂಭವ ನೂರಕ್ಕೆ ಒಂದರಷ್ಟಿದ್ದರೆ ಅವುಗಳ ಅಂತರ ಒಂದು ಸೆಂಟಿಮಾರ್ಗನ್.

ಪರಿಮಾಣದ ಅವಧಿಯನ್ನು ಹೇಳದೆ ಸಂಬಂಧವನ್ನು ಹೇಳಲಾಗದೆಂಬುದು ಹೊಸ ಅರಿವಲ್ಲ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ಸಾಪಿಂಡ್ಯವನ್ನು ಪಿಂಡಪ್ರದಾನದಿಂದ ನಿರ್ವಚಿಸದೆ, ಏಕಶರೀರದ ಅವಯವಗಳ ಅನ್ವಯದಿಂದ ನಿರ್ವಚಿಸಿದನು. ಅನಾದಿಯಾದ ಸಂಸಾರದಲ್ಲಿ ಹೀಗೆ ಹೇಳಿದರೆ ಎಲ್ಲರೂ ಎಲ್ಲರಿಗೂ ಸಪಿಂಡರಾದಾರೆಂಬ ಆಕ್ಷೇಪವನ್ನು ತಾನೇ ಎತ್ತಿ, ತಾಯಿಯ ಕಡೆ ಐದು, ತಂದೆಯ ಕಡೆ ಏಳು ಎಂಬ ಅವಧಿಯಿಂದ ಅದನ್ನು ಪರಿಹರಿಸಿದನು. ಡಿಎನ್‌ಎ ಪರೀಕ್ಷಕರ ಕನಿಷ್ಠಮಿತಿಯ ಪ್ರಯೋಜನವೂ ಇದೇ. ಆದರೆ ಅವನ ಅವಧಿ ವಿಧಿಯಿಂದ ಬಂದದ್ದು, ಇವರದು ಯಂತ್ರದ ಅಶಕ್ತಿಯಿಂದ ಬಂದದ್ದು ಎಂಬ ಭೇದವನ್ನು ಮರೆಯಬಾರದು.

ಇಳಿಯುವ ಮಾರ್ಗದ ದೃಷ್ಟಿಯಿಂದ ಹೊಂದಿಕೆ ಮೂರು ವಿಧ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ. ಮುಂದೆ ಸಾಗುವುದು ಹೆಣ್ಣುಮಕ್ಕಳ ಮೂಲಕವೇ. ಉಳಿದ ಇಪ್ಪತ್ತೆರಡು ಜೊತೆ ಆಟೋಸೋಮ್‌ಗಳು ಎಲ್ಲ ಶಾಖೆಗಳಿಂದಲೂ ಬರುತ್ತವೆ, ಪ್ರತಿ ತಲೆಗೂ ಸರಾಸರಿ ಅರ್ಧಕ್ಕೆ ಇಳಿಯುತ್ತವೆ. ಮೊದಲೆರಡು ದೂರಗಾಮಿ, ಆದರೆ ಏಕಶಾಖಿ; ಮೂರನೆಯದು ಬಹುಶಾಖಿ, ಆದರೆ ಅಲ್ಪಗಾಮಿ. ವೃಕ್ಷಗಳೂ ಕರ್ತೃಭೇದದಿಂದ ಮೂರು ವಿಧ: ಒಬ್ಬನೇ ಕಟ್ಟಿದ್ದು; ಫ್ಯಾಮಿಲಿಸರ್ಚ್, ಗೆನಿ, ವಿಕಿಟ್ರೀಗಳಲ್ಲಿರುವಂತೆ ಹಲವರು ಸೇರಿ ತಿದ್ದುವ ಸಾಧಾರಣವೃಕ್ಷ; ಆನ್ಸೆಸ್ಟ್ರಿಯ ಥ್ರೂಲೈನ್ಸ್‌ನಂತೆ ಅನ್ಯರ ವೃಕ್ಷಗಳನ್ನು ಹೊಲಿದು ಯಂತ್ರ ಸೂಚಿಸುವುದು. ಕೊನೆಯದು ಕೇವಲ ಊಹೆ. ಅದು ಊಹೆಯೆಂಬುದನ್ನು ಸಂಸ್ಥೆಯೇ ಹೇಳಿದರೂ ಬಳಸುವವರು ಕಿವಿಗೊಡುವುದು ವಿರಳ.

ಇಲ್ಲಿ ಪೂರ್ವಪಕ್ಷ: ಒಟ್ಟು ಸೆಂಟಿಮಾರ್ಗನ್ ತಿಳಿದರೆ ಸಂಬಂಧವೂ ತಿಳಿಯಿತು; ಸಂಖ್ಯೆ ಸುಳ್ಳಾಡದು. ತಂದೆತಾಯಿ–ಮಕ್ಕಳಿಗೆ ಸುಮಾರು 3,400, ಒಡಹುಟ್ಟಿದವರಿಗೆ ಸುಮಾರು 2,600 ಎಂದಿರುವಾಗ ಸಂಶಯವೆಲ್ಲಿ?

ಸಿದ್ಧಾಂತ: ಸಂಖ್ಯೆ ಸಂಬಂಧಸಾಮಾನ್ಯವನ್ನು ಸಾಧಿಸುತ್ತದೆ, ಸಂಬಂಧವಿಶೇಷವನ್ನಲ್ಲ. 1,750ರ ಸುತ್ತಲಿನ ಮೊತ್ತ ಅಜ್ಜ–ಮೊಮ್ಮಗನಿಗೂ ಸಲ್ಲುತ್ತದೆ, ಸೋದರಮಾವ–ಅಳಿಯನಿಗೂ ಸಲ್ಲುತ್ತದೆ, ತಾಯಿ ಒಬ್ಬಳೇ ಆಗಿ ತಂದೆ ಬೇರೆಯಾದ ಮಕ್ಕಳಿಗೂ ಸಲ್ಲುತ್ತದೆ. ಇದು ಅನೈಕಾಂತಿಕ ಹೇತು. ಸಂಬಂಧ ದೂರವಾದಷ್ಟೂ ವ್ಯಾಪ್ತಿಗಳು ಒಂದರ ಮೇಲೊಂದು ಬೀಳುತ್ತವೆ. ಬ್ಲೇನ್ ಬೆಟಿಂಗರ್ ಎಂಬ ಶೋಧಕ ಬಂಧುಗಳಿಂದಲೇ ಮೊತ್ತಗಳನ್ನು ಸಂಗ್ರಹಿಸಿ ರಚಿಸಿದ ಕೋಷ್ಟಕ ಪ್ರತಿ ಸಂಬಂಧಕ್ಕೂ ಸರಾಸರಿಯ ಜೊತೆಗೆ ಕನಿಷ್ಠ–ಗರಿಷ್ಠಗಳನ್ನು ಕೊಡುವುದು ಈ ಕಾರಣದಿಂದ.

ಇದಲ್ಲದೆ, ಆ ಸರಾಸರಿಗಳು ತಂದೆತಾಯಿಗಳು ಪರಸ್ಪರ ಅಸಂಬದ್ಧರೆಂಬ ಉಪಾಧಿಗೆ ಒಳಪಟ್ಟವು. ಕರ್ನಾಟಕದಲ್ಲಿ ಆ ಉಪಾಧಿಯನ್ನು ಪರೀಕ್ಷಿಸದೆ ಅಂಗೀಕರಿಸುವುದು ಸಾಹಸ. ಅಕ್ಕನ ಮಗಳನ್ನು ಮದುವೆಯಾದವನ ಮಗುವನ್ನು ತೆಗೆದುಕೊಳ್ಳೋಣ. ಆ ಅಕ್ಕ ಮಗುವಿಗೆ ತಾಯಿಯ ತಾಯಿ, ಹಾಗೆಯೇ ತಂದೆಯ ಅಕ್ಕ. ಅಜ್ಜಿಯೂ ಅವಳೇ, ಸೋದರತ್ತೆಯೂ ಅವಳೇ. ಮಗುವಿಗೆ ತಾಯಿಯಿಂದ ಬಂದ ಅಂಶ ಅಜ್ಜಿಯದಾಗಿರುವ ಸಂಭಾವ್ಯತೆ ಅರ್ಧ. ತಂದೆಯಿಂದ ಬಂದ ಅಂಶ ಆಕೆಯಲ್ಲಿಯೂ ಇರುವ ಸಂಭಾವ್ಯತೆ ಅರ್ಧ. ಎರಡೂ ಇಲ್ಲದಿರುವುದು ಕಾಲುಭಾಗದಲ್ಲಿ ಮಾತ್ರ, ಆದ್ದರಿಂದ ಮುಕ್ಕಾಲುಭಾಗದಲ್ಲಿ ಹೊಂದಿಕೆ. ಒಡಹುಟ್ಟಿದವರಲ್ಲಿ ನಿರೀಕ್ಷಿತವಾದುದೂ ಮುಕ್ಕಾಲೇ. ಮೊತ್ತವೊಂದನ್ನೇ ನೋಡುವವನು ಅಜ್ಜಿಯನ್ನೂ ಮೊಮ್ಮಗುವನ್ನೂ ಒಡಹುಟ್ಟಿದವರೆಂದು ಹೇಳುವ ಪ್ರಸಂಗ ಬರುತ್ತದೆ. ತಲೆಮಾರುಗಟ್ಟಲೆ ಒಂದೇ ವಲಯದಲ್ಲಿ ಕೊಟ್ಟು–ತಂದ ಸಮುದಾಯಗಳಲ್ಲಿ ಇಂಥ ಸಣ್ಣ ಪಾಲುಗಳು ಹಲವು ಕವಲುಗಳಿಂದ ಸೇರಿ, ದೂರದ ನಂಟನ್ನು ಹತ್ತಿರದ್ದೆಂದು ತೋರಿಸುತ್ತವೆ. ಅಶ್ಕೆನಾಜಿ ಯಹೂದಿಗಳ ವಂಶಶೋಧಕರು ಈ ತೊಡಕನ್ನು ಚೆನ್ನಾಗಿ ಬಲ್ಲರು. ಅಲ್ಲಿ ಮೊತ್ತಕ್ಕಿಂತ ಅತಿದೀರ್ಘಖಂಡದ ಅಳತೆಯೇ ಹೆಚ್ಚು ವಿಶ್ವಾಸಾರ್ಹ.

ಮತ್ತೊಂದು ಪಕ್ಷ: ಒಂದು ವೃಕ್ಷ ತಪ್ಪಿರಬಹುದು, ನೂರು ವೃಕ್ಷಗಳು ಒಂದೇ ಹೆಸರನ್ನು ಹೇಳಿದರೆ ಅದು ನಿಜವೇ. ಇದು ಅಂಧಪರಂಪರಾನ್ಯಾಯ. ಒಬ್ಬನ ವೃಕ್ಷದಿಂದ ಕೊಂಬೆಯೊಂದನ್ನು ಒಂದೇ ಒತ್ತಿನಲ್ಲಿ ಮತ್ತೊಬ್ಬನ ವೃಕ್ಷಕ್ಕೆ ಪ್ರತಿಮಾಡಿಕೊಳ್ಳಬಹುದಾದಲ್ಲಿ ಸಾಕ್ಷಿಗಳ ಸಂಖ್ಯೆಯನ್ನು ಎಣಿಸಬೇಕಾದದ್ದು ಪ್ರತಿಗಳಿಂದಲ್ಲ, ಮೂಲಗಳಿಂದ.

ಇನ್ನು ಪ್ರಬಲವಾದ ಪಕ್ಷ. ಹೊಂದಿಕೆ ಶರೀರದಿಂದ, ವೃಕ್ಷ ಲೇಖದಿಂದ, ಮೂಲಗಳು ಭಿನ್ನ. ಹೊಂದಿಕೆಯಾದ ಇಬ್ಬರ ವೃಕ್ಷಗಳಲ್ಲಿ ಒಬ್ಬನೇ ಮೂಲಪುರುಷ ಕಂಡರೆ, ಸಂಬಂಧ ಆತನಿಂದಲೇ ಬಂದದ್ದೆಂದು ಸಿದ್ಧವಾಗಬೇಕು.

ಆಗದು. ಈ ಹೊಂದಿಕೆ ಆ ಪೂರ್ವಜನಿಂದ ಬಂತೆಂಬುದಕ್ಕೆ ಹೇತುವೇನೆಂದು ಕೇಳಿದರೆ ವೃಕ್ಷವನ್ನು ತೋರಿಸುತ್ತಾರೆ. ವೃಕ್ಷ ಸರಿಯೆಂಬುದಕ್ಕೆ ಹೇತುವೇನೆಂದು ಕೇಳಿದರೆ ಹೊಂದಿಕೆಯನ್ನು ತೋರಿಸುತ್ತಾರೆ. ಇದು ಅನ್ಯೋನ್ಯಾಶ್ರಯ, ಈ ಶಾಸ್ತ್ರದಲ್ಲಿ ಕಂಡುಬರುವ ದೋಷಗಳಲ್ಲಿ ಇದರಷ್ಟು ವ್ಯಾಪಕವೂ ಗೂಢವೂ ಆದದ್ದು ಬೇರಿಲ್ಲ. ಅನ್ಯಥಾಸಿದ್ಧಿಯೂ ಇದೆ. ತಂದೆತಾಯಿಗಳನ್ನು ಮೊದಲ ತಲೆಯೆಂದು ಎಣಿಸಿದರೆ ಐದನೆಯ ತಲೆಯಲ್ಲಿ ಪ್ರತಿಯೊಬ್ಬರಿಗೂ ಮೂವತ್ತೆರಡು ಸ್ಥಾನಗಳು. ವೃಕ್ಷದಲ್ಲಿ ಅವುಗಳಲ್ಲಿ ಹತ್ತೋ ಹನ್ನೆರಡೋ ಮಾತ್ರ ತುಂಬಿದ್ದರೆ, ಹೊಂದಿಕೆಯ ಕಾರಣ ಖಾಲಿ ಸ್ಥಾನಗಳಲ್ಲಿಯೂ ಇರಬಹುದು. ಕಂಡ ಪೂರ್ವಜನೇ ಕಾರಣವೆನ್ನಲು ಕಾಣದವರನ್ನೆಲ್ಲ ನಿರಾಕರಿಸಿರಬೇಕು.

ಚಕ್ರವನ್ನು ಮುರಿಯುವುದು ಮೂರನೆಯ ಪ್ರಮಾಣ. ಒಂದೇ ಖಂಡ ಬೇರೆಬೇರೆ ಕವಲುಗಳ ಮೂವರಲ್ಲಿ ಪರಸ್ಪರ ಹೊಂದುವುದು ಅಂಥದ್ದು. ಸಮಕಾಲೀನ ಲೇಖ ಅಂಥದ್ದು. ಮನೆಮನೆಗೆ ಬಂದು ವಂಶಾವಳಿ ಹೇಳಿ ಹೊಸ ಹೆಸರುಗಳನ್ನು ಸೇರಿಸಿಕೊಳ್ಳುವ ಉತ್ತರ ಕರ್ನಾಟಕದ ಹೆಳವರ ಪಾಠವೂ ಶೋಧಕನ ವೃಕ್ಷದಿಂದ ಸ್ವತಂತ್ರವಾಗಿದ್ದಷ್ಟರ ಮಟ್ಟಿಗೆ ಅಂಥದ್ದು. ಇದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ಮತ್ತು ಅವನ ದಾಸಿ ಸ್ಯಾಲಿ ಹೆಮಿಂಗ್ಸ್‌ರ ಪ್ರಕರಣ. 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಜೆಫರ್ಸನ್‌ನ ಚಿಕ್ಕಪ್ಪ–ದೊಡ್ಡಪ್ಪಂದಿರಲ್ಲೊಬ್ಬನಾದ ಫೀಲ್ಡ್ ಜೆಫರ್ಸನ್‌ನ ಪುರುಷಸಂತತಿಯ ವೈ ವರ್ಣತಂತು, ಸ್ಯಾಲಿಯ ಮಗ ಎಸ್ಟನ್‌ನ ಪುರುಷಸಂತತಿಯದರೊಂದಿಗೆ ಹೊಂದಿತು. ಜೆಫರ್ಸನ್ ಕುಟುಂಬದವರು ಹೊಣೆಗಾರರೆಂದು ಹೇಳುತ್ತ ಬಂದಿದ್ದ ಕಾರ್ ಸೋದರರದು ಹೊಂದಲಿಲ್ಲ. ಇಷ್ಟರಿಂದ ಸಿದ್ಧವಾದದ್ದು ಎಸ್ಟನ್ ಜೆಫರ್ಸನ್ ಕುಲದವನ ಮಗನೆಂಬುದು. ಥಾಮಸ್‌ನ ತಮ್ಮನಾದ ರಾಂಡಾಲ್ಫನೂ ಅದೇ ವರ್ಣತಂತುವಿನವನು. ಸ್ಯಾಲಿಯ ಮಕ್ಕಳ ಗರ್ಭಧಾರಣಕಾಲಗಳಲ್ಲಿ ಥಾಮಸ್ ತನ್ನ ಮನೆಯಾದ ಮಾಂಟಿಚೆಲೊದಲ್ಲಿಯೇ ಇದ್ದನೆಂಬ ದಾಖಲೆ, 1873ರಲ್ಲಿ ಮತ್ತೊಬ್ಬ ಮಗ ಮ್ಯಾಡಿಸನ್ ಕೊಟ್ಟ ಹೇಳಿಕೆ ಇವು ಕೂಡಿದ ಮೇಲೆ ಕುಲದಿಂದ ವ್ಯಕ್ತಿಗೆ ಇಳಿಯಲು ಬಲವಾದ ಆಧಾರ ದೊರೆಯಿತು.

ಹಾಗಾದರೆ ಲೇಖವೇ ಸಾಕು, ಡಿಎನ್‌ಎ ಗೌಣವೆಂದು ಶಂಕಿಸಬಾರದು. 2012ರಲ್ಲಿ ಇಂಗ್ಲೆಂಡಿನ ಲೆಸ್ಟರ್ ನಗರದ ಕಾರ್ ಪಾರ್ಕಿಂಗ್ ಸ್ಥಳದ ಕೆಳಗೆ ದೊರೆತ ಅಸ್ಥಿಪಂಜರ ಮೂರನೆಯ ರಿಚರ್ಡ್ ರಾಜನದೆಂದು ನಿರ್ಣಯಿಸುವಲ್ಲಿ, ಅವನ ಅಕ್ಕ ಆನ್‌ಳ ಹೆಣ್ಣುಸಂತತಿಯಿಂದ ಬಂದವರ ಮೈಟೊಕಾಂಡ್ರಿಯದ ಸಾಮ್ಯ ಸಾಧಕವಾಯಿತು. ಆದರೆ ಲೇಖದ ಪ್ರಕಾರ ಅವನ ಪುರುಷಜ್ಞಾತಿಗಳಾದವರ ವೈ ವರ್ಣತಂತು ಅವನದರೊಂದಿಗೆ ಹೊಂದಲೇ ಇಲ್ಲ. 2014ರ ವರದಿಯಿಂದ ತಿಳಿದದ್ದು ಇಷ್ಟು: ಅವನನ್ನೂ ಆ ಜ್ಞಾತಿಗಳನ್ನೂ ಕೂಡಿಸುವ ವಂಶಲೇಖದಲ್ಲಿ ಎಲ್ಲೋ ಒಂದೆಡೆ ತಂದೆಯೆಂದು ಬರೆದವನು ತಂದೆಯಲ್ಲ. ಯಾವ ಕೊಂಡಿ ಎಂಬುದು ಪರೀಕ್ಷೆಯಿಂದ ತಿಳಿಯದು. ಲೇಖ ತಂದೆಯೆಂಬ ಪದವಿಯನ್ನು ಹೇಳುತ್ತದೆ, ಡಿಎನ್‌ಎ ಜನಕತ್ವವನ್ನು ಹೇಳುತ್ತದೆ; ದತ್ತಪುತ್ರನಲ್ಲಿ ಈ ಭೇದವನ್ನು ಧರ್ಮಶಾಸ್ತ್ರ ಎಂದೋ ಒಪ್ಪಿದೆ.

ಹೊಂದಿಕೆ ಇಲ್ಲದಿದ್ದರೆ ಸಂಬಂಧವೂ ಇಲ್ಲವೆ? ಇಲ್ಲಿ ಯೋಗ್ಯಾನುಪಲಬ್ಧಿಯ ನಿಯಮವೇ ನಿರ್ಣಾಯಕ: ಇದ್ದಿದ್ದರೆ ಕಾಣಲೇಬೇಕಾದದ್ದು ಕಾಣದಿದ್ದರೆ ಮಾತ್ರ ಅಭಾವನಿಶ್ಚಯ. ಮುತ್ತಜ್ಜ–ಮುತ್ತಜ್ಜಿ ಸಮಾನರಾದವರಲ್ಲಿ ಹೊಂದಿಕೆ ಕಾಣಲೇಬೇಕು. ಅಲ್ಲಿ ಶೂನ್ಯವು ಸಂಬಂಧವನ್ನು ನಿಷೇಧಿಸುತ್ತದೆ. ಅದಕ್ಕಿಂತ ಒಂದು ತಲೆ ಮೇಲಿನ ದಂಪತಿಯಿಂದ ಇಳಿದವರಲ್ಲಿ ಸುಮಾರು ನೂರಕ್ಕೆ ಹತ್ತು ಜೋಡಿಗಳು, ಇನ್ನೊಂದು ತಲೆ ಮೇಲೆ ಹೋದರೆ ಸುಮಾರು ಅರ್ಧದಷ್ಟು ಜೋಡಿಗಳು, ನಿಜವಾದ ಬಂಧುಗಳಾಗಿಯೂ ಪರೀಕ್ಷೆಗೆ ಕಾಣುವಷ್ಟು ಏನನ್ನೂ ಹಂಚಿಕೊಂಡಿರುವುದಿಲ್ಲ. ಅಲ್ಲಿ ಶೂನ್ಯ ಏನನ್ನೂ ಹೇಳುವುದಿಲ್ಲ.

ಕೊನೆಯದು ಅಧಿಕಾರವಿಚಾರ. ಉಗುಳು ಪರೀಕ್ಷೆಗೆ ಕೊಡುವವನದು, ಆದರೆ ಅದರಲ್ಲಿರುವ ಅಂಶ ಅವನೊಬ್ಬನದಲ್ಲ. 2018ರಲ್ಲಿ ಕ್ಯಾಲಿಫೋರ್ನಿಯದ ಹಳೆಯ ಸರಣಿಹಂತಕನನ್ನು ಪೊಲೀಸರು ಪತ್ತೆಮಾಡಿದ್ದು ಅವನ ದೂರಬಂಧುಗಳ ಹೊಂದಿಕೆಯಿಂದ. ಅವನು ತನ್ನ ಮಾದರಿಯನ್ನು ಯಾವ ವಂಶಶೋಧನಕೋಶಕ್ಕೂ ಕೊಟ್ಟವನಲ್ಲ. ಮರುವರ್ಷ ಜೆಡ್‌ಮ್ಯಾಚ್ ಕೋಶ, ಸ್ಪಷ್ಟವಾಗಿ ಒಪ್ಪಿದವರ ಮಾಹಿತಿ ಮಾತ್ರ ಪೊಲೀಸರಿಗೆಂದು ನಿಯಮ ಬದಲಿಸಿತು. 2025ರ ಮಾರ್ಚ್‌ನಲ್ಲಿ 23ಆಂಡ್‌ಮಿ ಸಂಸ್ಥೆ ದಿವಾಳಿ ಅರ್ಜಿ ಹಾಕಿದಾಗ, ಸಂಸ್ಥೆಗೆ ಕೊಟ್ಟ ಒಪ್ಪಿಗೆ ಸಂಸ್ಥೆಯನ್ನು ಕೊಂಡವನಿಗೂ ಸಲ್ಲುವುದೆ ಎಂಬ ಪ್ರಶ್ನೆ ಎದ್ದಿತು. ಆದ್ದರಿಂದ ಪರೀಕ್ಷೆಗೆ ಸಮ್ಮತಿ, ಹೊಂದಿಕೆಯ ಪಟ್ಟಿಯಲ್ಲಿ ಕಾಣಿಸಿಕೊಳ್ಳಲು ಸಮ್ಮತಿ, ಫಲಿತಾಂಶವನ್ನು ಸಾಧಾರಣವೃಕ್ಷದಲ್ಲಿ ಬರೆಯಲು ಸಮ್ಮತಿ, ಪೊಲೀಸರ ಬಳಕೆಗೆ ಸಮ್ಮತಿ ಇವು ನಾಲ್ಕೂ ಭಿನ್ನ. ಒಂದು ಮತ್ತೊಂದನ್ನು ಒಳಗೊಳ್ಳುವುದಿಲ್ಲ. ಜೀವಂತವಿರುವವರ ಜನಕತ್ವದ ಬಗ್ಗೆ ಪರೀಕ್ಷೆಯಿಂದ ತಿಳಿದುಬಂದದ್ದಕ್ಕೆ ಮೂರನೆಯ ಸಮ್ಮತಿ ಸಂಬಂಧಪಟ್ಟವರಿಂದಲೇ ದೊರೆಯಬೇಕು. ದೊರೆಯುವವರೆಗೆ ಅದು ಶೋಧಕನ ಸ್ವಂತ ಟಿಪ್ಪಣಿಯಲ್ಲಿ ಇರಬಹುದಲ್ಲದೆ ವೃಕ್ಷದಲ್ಲಿ ಇರಲಾಗದು.